ಮುಖ್ಯವಾದದ್ದು ಕೊನೆಗೆ

ಊರು ತೋರಿಸುವವನಿಗೆ ಏನೇನು ಗುಣ ಬೇಕು ಎಂದು ಆರು ತಿಂಗಳ ಹಿಂದೆ ಯಾರಾದರೂ ಕೇಳಿದ್ದರೆ, ಕುರ್ಚಿ ಎಳೆದು ಕೂಡ್ರಿಸಿ ಒಂದು ತಾಸು ಹೇಳಿ ಕಳಿಸುತ್ತಿದ್ದೆ. ಈಗ ಕೇಳಿದರೆ ತಲೆನೋವು ಎಂದು ಒಳಗೆ ಹೋಗಿಬಿಡುತ್ತೇನೆ. ನೆಪವಲ್ಲ, ಖರೇನೇ ನೋಯುತ್ತದೆ. 'ಬಾಯಿದ್ದವನು ಬರಗಾಲದಲ್ಲೂ ಬದುಕಿದ' ಎಂಬ ಗಾದೆಯನ್ನು ಮೂವತ್ನಾಲ್ಕು ವರ್ಷ ಮಕ್ಕಳ ಕೈಯಲ್ಲಿ ಕಾಪಿ ಬರೆಸಿದವನು ನಾನು. ಬಾಯಿದ್ದವನು ಬದುಕಿದ, ಸರಿ. ಅವನ ಬೆನ್ನು ಹತ್ತಿ ಹೋದವರ ಗತಿ ಏನಾಯಿತು ಎಂದು ಗಾದೆ ಮಾಡಿದವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಗಜೇಂದ್ರಗಡದ ಕನ್ನಡ ಶಾಲೆಯ ಮಾಸ್ತರಿಕೆಯಿಂದ ನಿವೃತ್ತನಾದಾಗ ನನ್ನ ಹತ್ತಿರ ಉಳಿದದ್ದು ಪಿಂಚಣಿ ಮತ್ತು ಧ್ವನಿ. ಪಿಂಚಣಿಯನ್ನು ಹೆಂಡತಿ ವಹಿಸಿಕೊಂಡಳು. ಧ್ವನಿಯನ್ನು ವಹಿಸಿಕೊಳ್ಳಲು ಯಾರೂ ಮುಂದೆ ಬರಲಿಲ್ಲ. ನಾನು ಮೂರನೆಯ ಇಯತ್ತೆಗೆ ಶುದ್ಧಲೇಖನ ಹೇಳಿದರೆ ಗೋಡೆಯಾಚೆಯ ಐದನೆಯ ಇಯತ್ತೆಯವರೂ ಬರೆದುಕೊಳ್ಳುತ್ತಿದ್ದರು. ಅಂಥ ಧ್ವನಿ ಮನೆಯಲ್ಲಿ "ಚಾ ಆತೇನು?" ಎಂದು ಕೇಳುವುದಕ್ಕಷ್ಟೇ ಖರ್ಚಾಗತೊಡಗಿದಾಗ ಬದುಕೇ ಬೇಸರ ಬಂತು. ಅದಕ್ಕೇ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಪರಊರಿನವರು ಇಳಿದು ಕತ್ತೆತ್ತಿ ಕೋಟೆಯ ಗುಡ್ಡ ನೋಡಿದರೆ ಸಾಕು, ಹೋಗಿ ಪಕ್ಕದಲ್ಲಿ ನಿಲ್ಲುತ್ತಿದ್ದೆ. ಮೊದಮೊದಲು ಜನ ತಮ್ಮ ಚೀಲ ಹಿಡಿದುಕೊಂಡು ಸರಿಯುತ್ತಿದ್ದರು. ಬರಬರುತ್ತ ಹೆಸರಾಯಿತು. ಗದಗದಿಂದ, ಹುಬ್ಬಳ್ಳಿಯಿಂದ ಫೋನು ಮಾಡಿ 'ಮಾಸ್ತರು ಅದಾರೇನ್ರಿ' ಎಂದು ಕೇಳುವ ಮಟ್ಟಕ್ಕೆ ಬಂದೆ. ಆಗ ನನ್ನ ನಡಿಗೆ ಬದಲಾಗಿತ್ತು ಎಂದು ಹೆಂಡತಿ ಈಗಲೂ ಹೇಳುತ್ತಾಳೆ.

ಈ ಕಸುಬಿನ ಮರ್ಮಗಳನ್ನು ನನಗೆ ಯಾರೂ ಕಲಿಸಲಿಲ್ಲ. ಇಸವಿ ಮರೆತ ಕಡೆ ಸರಿಯಾಗಿ ಕೆಮ್ಮು ಬರಬೇಕು ಎಂಬುದನ್ನು ನಾನೇ ಕಂಡುಕೊಂಡೆ. ನಮ್ಮ ಗುಡ್ಡ ದೂರದಿಂದ ಆನೆಯ ಹಾಗೆ ಕಾಣುತ್ತದೆ ಎನ್ನುತ್ತಾರೆ, ಊರಿಗೆ ಹೆಸರು ಬಂದದ್ದೂ ಅದರಿಂದಲೇ ಎನ್ನುತ್ತಾರೆ. ನನಗೆ ಇದುವರೆಗೂ ಸೊಂಡಿಲು ಯಾವ ಕಡೆ ಇದೆ ಎಂದು ಗೊತ್ತಾಗಿಲ್ಲ. ಆದರೂ 'ಕಂಡಿತು' ಎಂದು ಬಾಯಿಬಿಟ್ಟು ಹೇಳುವ ತನಕ ಯಾರನ್ನೂ ಮುಂದೆ ಬಿಟ್ಟವನಲ್ಲ. ಪಾಪ, ಬಿಸಿಲಿಗೆ ಸೋತು ಎಲ್ಲರೂ ಕಂಡಿತು ಎನ್ನುತ್ತಿದ್ದರು. ಇವೆಲ್ಲಕ್ಕಿಂತ ದೊಡ್ಡ ಮರ್ಮವೆಂದರೆ, ಮುಖ್ಯವಾದದ್ದನ್ನು ಕೊನೆಗೆ ತೋರಿಸಬೇಕು. ಹೋಳಿಗೆಯನ್ನು ಮೊದಲೇ ಬಡಿಸಿದರೆ ಬದನೆಕಾಯಿ ಪಲ್ಯವನ್ನು ಯಾರು ಮುಟ್ಟುತ್ತಾರೆ? ಬಂದವರು ಯಾವುದಕ್ಕಾಗಿ ಬಂದಿದ್ದಾರೋ ಅದನ್ನು ತಡೆದು ಹಿಡಿದರೆ, ಅಲ್ಲಿಯತನಕ ನಾವು ಹೇಳಿದ್ದನ್ನೆಲ್ಲ ಕೇಳುತ್ತಾರೆ. ಈ ಮಾತನ್ನು ನಾನು ಬಹಳ ಜನರಿಗೆ ಹೆಮ್ಮೆಯಿಂದ ಹೇಳಿದ್ದೇನೆ.

ಮೈಸೂರಿನಿಂದ ಸುಮಿತ್ರಮ್ಮ ಎನ್ನುವವರು ಫೋನು ಮಾಡಿದ್ದು ಹೀಗೆ ನನ್ನ ನಡಿಗೆ ಬದಲಾಗಿದ್ದ ಕಾಲದಲ್ಲಿ. ಅವರಿಗೆ ಎಪ್ಪತ್ತು ದಾಟಿತ್ತು. ಅವರ ತಂದೆ ಒಂದು ಕಾಲಕ್ಕೆ ನಮ್ಮೂರಿನಲ್ಲಿ ಪೋಸ್ಟ್ ಮಾಸ್ತರರಾಗಿದ್ದರು. ಹತ್ತು ವರ್ಷದವರಾಗುವ ತನಕ ಸುಮಿತ್ರಮ್ಮ ಇಲ್ಲಿಯ ನೇಕಾರರ ಓಣಿಯಲ್ಲಿ ಬೆಳೆದಿದ್ದರು. ಪಕ್ಕದ ಮನೆಯಲ್ಲಿ ಓರಗೆಯ ಹುಡುಗಿ ಖಾತೂನಬಿ. ಕುಣಿ ಮಗ್ಗದ ದಂಡೆಯ ಮೇಲೆ ಕಾಲು ಇಳಿಬಿಟ್ಟು ಕೂತು ಇಬ್ಬರೂ ನೂಲು ಸುತ್ತುತ್ತಿದ್ದರಂತೆ, ಜಗಳಾಡುತ್ತಿದ್ದರಂತೆ, ಸಂಜೆಗೆ ಒಂದೇ ರೊಟ್ಟಿ ಮುರಿದು ತಿನ್ನುತ್ತಿದ್ದರಂತೆ. ತಂದೆಗೆ ವರ್ಗವಾದ ಮೇಲೆ ಒಬ್ಬರನ್ನೊಬ್ಬರು ನೋಡಿಲ್ಲ. ಖಾತೂನ್ ಇದ್ದಾಳಾ ಎಂದು ಕೇಳುವಾಗ ಅವರ ಧ್ವನಿ ಬಹಳ ಸಣ್ಣದಾಯಿತು.

ಇದ್ದರು. ಅದೇ ಓಣಿ, ಅದೇ ಮನೆ. ನಾವೆಲ್ಲ ಚಾಚಿ ಎಂದು ಕರೆಯುತ್ತಿದ್ದ ಖಾತೂನಬಿ, ಮಗ ಮತ್ತು ಸೊಸೆ ಮುಮ್ತಾಜಳ ಜೊತೆಗಿದ್ದರು. ಆದರೆ ಕಿವಿ ಪೂರ್ತಿ ಮಂದ, ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಫೋನಿನಲ್ಲಿ ಮಾತಾಡಿಸಿದರೆ ಕೇಳಿಸುವುದಿಲ್ಲ, ವಿಡಿಯೋದಲ್ಲಿ ತೋರಿಸಿದರೆ ಕಾಣಿಸುವುದಿಲ್ಲ. ಎದುರಿಗೆ ಬಂದು ಕೈ ಹಿಡಿಯದ ಹೊರತು ಬೇರೆ ದಾರಿಯೇ ಇರಲಿಲ್ಲ. ಸುಮಿ ಬರುತ್ತಾಳೆ ಎಂದು ನಾನು ಕಿವಿಯ ಹತ್ತಿರ ಕೂಗಿ ಹೇಳಿದಾಗ ಚಾಚಿ ನನ್ನ ಕೈಯನ್ನೇ ಸವರಿ ನೋಡಿದರು. ಕೈ ಮುಟ್ಟಿದರೆ ಸಾಕು, ಗುರುತು ಹಿಡಿಯುತ್ತೇನೆ ಎಂದರು. ಗುರುವಾರ ಮುಂಜಾನೆ ಕರೆದುಕೊಂಡು ಬರುತ್ತೇನೆ ಎಂದು ನಾನು ಮಾತು ಕೊಟ್ಟು ಬಂದೆ.

ಸುಮಿತ್ರಮ್ಮ ರಾತ್ರಿ ರೈಲಿಗೆ ಗದಗಕ್ಕೆ ಬಂದು, ಅಲ್ಲಿಂದ ಬಾಡಿಗೆ ಕಾರು ಮಾಡಿಕೊಂಡು ಒಂಬತ್ತಕ್ಕೆಲ್ಲ ಬಸ್ ಸ್ಟ್ಯಾಂಡಿನ ಹತ್ತಿರ ಇಳಿದರು. ಸಂಜೆಯ ರೈಲಿಗೆ ವಾಪಸು ಹೋಗಬೇಕು, ಮರುದಿನ ಆಸ್ಪತ್ರೆಗೆ ತೋರಿಸಿಕೊಳ್ಳುವುದಿದೆ ಎಂದರು. ಏನಾಗಿದೆ ಎಂದು ನಾನು ಕೇಳಲಿಲ್ಲ. ನಾನು ಹೇಳಬೇಕಾದದ್ದೇ ಅಷ್ಟಿತ್ತು.

"ಮೇಷ್ಟ್ರೇ, ಮೊದಲು ಖಾತೂನ್ ಮನೆಗೆ ಹೋಗೋಣ" ಎಂದರು.

"ಅದು ಇಲ್ಲೇ ಐತ್ರಿ. ಕಡೀಕ ಹೋಗೂಣು" ಎಂದೆ.

ನಮ್ಮ ಕಡೆಯ 'ಇಲ್ಲೇ ಐತ್ರಿ' ಎಂಬ ಮಾತನ್ನು ಪರಊರಿನವರು ನಂಬಬಾರದು. ಅದು ಎದುರಿನ ಗೋಡೆಗೂ ಸಲ್ಲುತ್ತದೆ, ಬಸ್ಸು ಹತ್ತಿ ಹೋಗಬೇಕಾದ ರೋಣಕ್ಕೂ ಸಲ್ಲುತ್ತದೆ. ಚಾಚಿಯ ಮನೆ ಮಾತ್ರ ಖರೇನೇ ಅಲ್ಲೇ ಇತ್ತು, ನಡೆದರೆ ಹತ್ತು ನಿಮಿಷ. ಆದರೆ ನನ್ನ ಹೊಟ್ಟೆಯೊಳಗಿನ ಮಾತನ್ನು ನಿಮಗೆ ಹೇಳಿಬಿಡುತ್ತೇನೆ. ಅಲ್ಲಿ ಒಮ್ಮೆ ಕೂತರೆ ಈ ಹೆಣ್ಣುಮಗಳು ಏಳುವುದಿಲ್ಲ, ಕೋಟೆಯ ಬಗ್ಗೆ ನಾನು ತಯಾರು ಮಾಡಿಕೊಂಡು ಬಂದದ್ದೆಲ್ಲ ನೀರುಪಾಲು ಎಂದು ನನಗೆ ಅನಿಸಿತ್ತು. ಇಬ್ಬರು ಮುದುಕಿಯರು ಕೈ ಹಿಡಿದುಕೊಂಡು ಅಳುವುದನ್ನು ನೋಡುತ್ತ ನಾನು ಬಾಯಿ ಮುಚ್ಚಿಕೊಂಡು ಕೂಡ್ರಬೇಕು. ಅದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ.

ಗುಡ್ಡ ಹತ್ತಿಸಿದೆ. ಮಂಡಿ ಹಿಡಿದುಕೊಂಡು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅವರು ಮೆಟ್ಟಿಲಿಗೊಮ್ಮೆ ನಿಂತು ಹತ್ತಿದರು. ನಾನು ಹತ್ತು ಮೆಟ್ಟಿಲು ಮುಂದೆ ನಿಂತು ಹಿಂದೆ ಐವತ್ತು ಜನ ಇದ್ದಾರೆ ಎನ್ನುವ ಹಾಗೆ ಮಾತಾಡಿದೆ. ಆನೆಯನ್ನು ತೋರಿಸಿದಾಗ ನಾನು ಬೆರಳು ಎತ್ತುವ ಮೊದಲೇ ಕಂಡಿತು ಎಂದರು. ಇಷ್ಟು ಲಗೂ ಯಾರಿಗೂ ಕಂಡಿರಲಿಲ್ಲ, ನನಗೆ ಬಹಳ ಸಂತೋಷವಾಯಿತು. ಕೆಳಗಿಳಿಯುವಾಗ ಮತ್ತೊಮ್ಮೆ ಖಾತೂನ್ ಮನೆ ಎಂದರು. ಈಗ ಬಂತು ಎಂದೆ. ಅಷ್ಟರಲ್ಲಿ ಪೇಟೆ ಅಡ್ಡ ಬಂತು. ನಮ್ಮೂರಿನಲ್ಲಿ ಅತಿಥಿಯನ್ನು ಕರೆದುಕೊಂಡು ಗುರುತಿನವರ ಅಂಗಡಿ ದಾಟುವುದು ಎಂದರೆ ಬೈದ ಹಾಗೆ. ಒಬ್ಬರ ಅಂಗಡಿಯಲ್ಲಿ ಚಹಾ ಕುಡಿದು ಪಕ್ಕದವರ ಅಂಗಡಿಯಲ್ಲಿ ಬಿಟ್ಟರೆ ನಾಳೆ ಅವರು ನನ್ನ ನಮಸ್ಕಾರ ತಗೊಳ್ಳುವುದಿಲ್ಲ. ಮೂರು ಕಡೆ ಚಹಾ, ಒಂದು ಕಡೆ ಗಿರಮಿಟ್ಟು ಮತ್ತು ಮೆಣಸಿನಕಾಯಿ ಭಜಿ, ಸೀರೆಯವರಲ್ಲಿ ಪಟ್ಟೇದ ಅಂಚಿನ ಇಪ್ಪತ್ತು ಸೀರೆಗಳನ್ನು ಬಿಚ್ಚಿ ತೋರಿಸಿದ್ದಾಯಿತು. ಸುಮಿತ್ರಮ್ಮ ಅವಸರದಲ್ಲಿ ಒಂದು ಹಸಿರು ಸೀರೆ ತೆಗೆದುಕೊಂಡು, ಇದು ಖಾತೂನ್‌ಗೆ ಎಂದು ಎದೆಗೆ ಅವಚಿಕೊಂಡು ಎದ್ದು ನಿಂತರು. ಮೂರನೆಯ ಸಲ ಅವರು ಏನೂ ಕೇಳಲಿಲ್ಲ, ನನ್ನನ್ನು ಬಿಟ್ಟು ತಾವೇ ರಸ್ತೆಗಿಳಿದರು.

ಓಣಿ ಮುಟ್ಟಿದಾಗ ಎರಡು ಗಂಟೆ. ಮುಮ್ತಾಜ ಹೊಸ್ತಿಲಲ್ಲೇ ನಿಂತಿದ್ದಳು. ನನ್ನನ್ನು ನೋಡಿ ಅವಳಿಗೆ ಸಿಟ್ಟು ಬಂತೋ ಅಳು ಬಂತೋ ತಿಳಿಯಲಿಲ್ಲ.

"ಈಗ ಅರ್ಧಾ ತಾಸಾತ್ರಿ ಹೋಗಿ. ಮುಂಜಾನಿ ಒಂಬತ್ತರಿಂದ ಇಲ್ಲೇ ಕಟ್ಟಿ ಮ್ಯಾಲೆ ಕುಂತಿದ್ರು."

ವಿಷಯವೇನೆಂದರೆ, ಮರುದಿನ ನರಗುಂದದಲ್ಲಿ ಚಾಚಿಯ ಕಣ್ಣಿನ ಆಪರೇಷನ್. ಸಂಜೆಯೊಳಗೆ ದವಾಖಾನೆ ಸೇರಬೇಕೆಂದು ನರಗುಂದದ ಅಳಿಯ ಹನ್ನೆರಡಕ್ಕೇ ಟೆಂಪೋ ತಂದಿದ್ದನಂತೆ. ಚಾಚಿ ಒಂದೂವರೆ ತಾಸು ಅವನನ್ನು ಕಾಯಿಸಿದ್ದಾರೆ. ಸೊಸೆಯಿಂದ ನನಗೆ ನಾಲ್ಕು ಸಲ ಫೋನೂ ಮಾಡಿಸಿದ್ದಾರೆ. ನನ್ನ ಫೋನು ಕಿಸೆಯಲ್ಲೇ ಇತ್ತು. ಮಾತಿನ ನಡುವೆ ಅಡ್ಡಿಯಾಗಬಾರದೆಂದು ಅದರ ಸದ್ದು ತೆಗೆದಿರುವುದು ನನ್ನ ರೂಢಿ, ಅದನ್ನೂ ನಾನು ಒಂದು ಗುಣ ಎಂದೇ ಭಾವಿಸಿದ್ದೆ.

ನರಗುಂದಕ್ಕೆ ಹೋಗಿ ಗದಗ ಮುಟ್ಟುವಷ್ಟರಲ್ಲಿ ರೈಲು ತಪ್ಪುತ್ತದೆ ಎಂದು ಕಾರಿನವನು ಲೆಕ್ಕ ಹೇಳಿದ. ಸುಮಿತ್ರಮ್ಮ ಆ ಕಟ್ಟೆಯ ಮೇಲೆ ಐದು ನಿಮಿಷ ಕೂತರು. ಸೀರೆಯನ್ನು ಮುಮ್ತಾಜಳ ಕೈಗೆ ಕೊಟ್ಟರು. ಖಾತೂನ್‌ಗೆ ಕಣ್ಣು ಕಾಣತೊಡಗಿದ ಮೇಲೆ ಬರುತ್ತೇನೆ, ಆಗ ಅವಳು ನನ್ನನ್ನು ನೋಡಬಹುದಲ್ಲ ಎಂದು ಹೇಳಿದ್ದು ನನಗಲ್ಲ, ಮುಮ್ತಾಜಳಿಗೆ. ನನಗೆ ಕಾರಿನ ಕಿಟಕಿಯಿಂದ ಕೈ ಮುಗಿದರು. ಬೈದಿದ್ದರೆ ನಾನು ಆ ರಾತ್ರಿ ಉಂಡು ಮಲಗುತ್ತಿದ್ದೆ.

ಎರಡು ತಿಂಗಳಿಗೆ ಅವರ ನಂಬರಿನಿಂದ ಸಂದೇಶ ಬಂತು, ಅವರ ತಂಗಿಯ ಮಗಳು ಕಳಿಸಿದ್ದು. ದೊಡ್ಡಮ್ಮ ಹೋದ ವಾರ ತೀರಿಕೊಂಡರು, ನಿಮ್ಮೂರಿನಲ್ಲಿ ಗೊತ್ತಿದ್ದವರಿಗೆ ತಿಳಿಸಿ ಎಂದಿತ್ತು. ಆ ಹೊತ್ತಿಗೆ ಚಾಚಿ ಮಗಳ ಮನೆಯ ಆರೈಕೆ ಮುಗಿಸಿ ಊರಿಗೆ ಬಂದಾಗಿತ್ತು. ಒಂದು ಕಣ್ಣು ಚಲೋ ಕಾಣತೊಡಗಿತ್ತು. ಬೀದಿಯಲ್ಲಿ ಹೋಗುವವರನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದಾರೆ ಎಂಬ ಸುದ್ದಿ ಕೇಳಿ ನಾನು ಆ ಓಣಿಯನ್ನೇ ಬಿಟ್ಟೆ. ಊರಿಗೆಲ್ಲ ದಾರಿ ತೋರಿಸುವ ಮನುಷ್ಯ ಹಾಲಿನ ಅಂಗಡಿಗೆ ಹೋಗಲು ಅರ್ಧ ಊರು ಸುತ್ತತೊಡಗಿದೆ. ಹಾಲು ಒಡೆಯುವಷ್ಟು ತಡ ಯಾಕಾಗುತ್ತದೆ ಎಂದು ಹೆಂಡತಿ ಕೇಳಿದಳು. ಅವಳಿಗೆ ಹೇಳಿದೆ. ಅವಳು ಒಳಗೆ ಹೋಗಿ ಪಾತ್ರೆಗಳನ್ನು ಸಪ್ಪಳ ಮಾಡಿ ತೊಳೆದಳು.

ಕಡೆಗೆ ಸಂತೆಯಲ್ಲಿ ಮುಮ್ತಾಜಳ ಕೈಗೆ ಸಿಕ್ಕಿಬಿದ್ದೆ. ತೀರಿಕೊಂಡ ಸುದ್ದಿಯನ್ನು ಅವಳಿಗೆ ಹೇಳಿದೆ, ಅವಳು ಅತ್ತೆಗೆ ಹೇಳಿದಳು. ಮರುದಿನ ಚಾಚಿಯಿಂದ ಕರೆ ಬಂತು. ಹೋದೆ. ಆ ಹಸಿರು ಸೀರೆ ಮಡಿಕೆ ಬಿಚ್ಚದೆ ಅವರ ಮಗ್ಗುಲಲ್ಲಿತ್ತು. ಬೈಗುಳಕ್ಕೆ ತಯಾರಾಗಿಯೇ ಕೂತೆ. ಅವರು ಬೈಯಲಿಲ್ಲ. ಸುಮಿ ನೋಡಲಿಕ್ಕೆ ಹೇಗಿದ್ದಳು ಎಂದು ಕೇಳಿದರು.

ನಾನು ಅವಸರದಲ್ಲಿ ಫೋನು ತೆಗೆದೆ. ಅವತ್ತಿನ ಹನ್ನೊಂದು ಫೋಟೋ ಇದ್ದವು. ಹನ್ನೊಂದರಲ್ಲೂ ನಾನಿದ್ದೆ. ಕೋಟೆಯ ಬಾಗಿಲಲ್ಲಿ ಕೈ ಚಾಚಿದ ನಾನು, ಬುರುಜಿನ ಮೇಲೆ ನಾನು, ಗುಡ್ಡದ ಆನೆಯನ್ನು ತೋರಿಸುತ್ತಿರುವ ನಾನು. ಫೋನು ಕೊಟ್ಟು ಫೋಟೋ ತೆಗೆಯಿರಿ ಎಂದು ನಾನು ಹೇಳಿದ್ದು ಸುಮಿತ್ರಮ್ಮನಿಗೇ. ಮೈಸೂರಿನಿಂದ ಒಂದು ಫೋಟೋ ತರಿಸುತ್ತೇನೆ ಎಂದು ಕೂಗಿ ಹೇಳಿದೆ. ಚಾಚಿ ಬೇಡವೆಂದು ಕೈಯಾಡಿಸಿದರು.

"ಫೋಟೋ ಬ್ಯಾಡ್ರಿ ಮಾಸ್ತರ್ರ. ನೀವು ಇಡೀ ದಿನಾ ಆಕಿ ಜೋಡಿ ಇದ್ರಿ, ನೀವ ಹೇಳ್ರಿ. ಸಣ್ಣಾಕಿದ್ದಾಗ ನಾ ಮಗ್ಗದ ಲಾಳಿ ಒಗದು ಆಕಿ ಹಣಿ ಒಡದಿದ್ದೆ, ಎಡಗಡೆ ಹುಬ್ಬಿನ ಮ್ಯಾಲೆ. ಭಾಳ ರಕ್ತ ಬಂದಿತ್ತು. ಆ ಗಾಯದ ಗುರ್ತು ಹಂಗ ಇತ್ತೇನು?"

ಒಂಬತ್ತರಿಂದ ಎರಡರ ತನಕ ಆ ಮುಖ ನನ್ನ ಎದುರಿಗೇ ಇತ್ತು. ನೆನಪಿಸಿಕೊಳ್ಳಲು ಕಣ್ಣು ಮುಚ್ಚಿದೆ. ಕೋಟೆಯ ಬಾಗಿಲು ಬಂತು, ಬುರುಜಿನ ಕಲ್ಲು ಬಂತು, ತಲೆಯ ಮೇಲೆ ಎಳೆದುಕೊಂಡ ಸೆರಗಿನ ಅಂಚು ಬಂತು. ಹುಬ್ಬು ಬರಲಿಲ್ಲ. ಹೌದ್ರಿ, ಇತ್ತು ಎಂದು ಒಂದು ಮಾತು ಹೇಳಿಬಿಡಬಹುದಿತ್ತು, ಕೆಮ್ಮಬಹುದಿತ್ತು. ಆದರೆ ಅವರ ಆ ಹೊಸ ಕಣ್ಣು ನನ್ನ ಮುಖದ ಮೇಲೇ ಇತ್ತು.

"ನಾ ನೋಡಲಿಲ್ಲರೀ ಚಾಚಿ" ಎಂದೆ.

ಅವರಿಗೆ ಕೇಳಿಸಲಿಲ್ಲ. ಆಂ ಎನ್ನುತ್ತ ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದರು. ನಾನು ಅದನ್ನೇ ಮತ್ತೊಮ್ಮೆ, ಇಡೀ ಓಣಿಗೆ ಕೇಳುವ ಹಾಗೆ ಕೂಗಿ ಹೇಳಬೇಕಾಯಿತು.