ಕೆರೆ ಏರಿಯ ಮೇಲೊಂದು ಕೂಗು

ಬಹಳ ಹಿಂದೆ, ಟೀವಿ ಚರ್ಚೆಗಳಿನ್ನೂ ಹುಟ್ಟದ ಕಾಲದಲ್ಲಿ, ಸೌಮ್ಯಾವತಿ ಎಂಬ ರಾಜ್ಯವಿತ್ತು. ಅದನ್ನಾಳುವ ಶಾಂತವಿಕ್ರಮ ಮಹಾರಾಜರು ಭೋಜನಾನಂತರ ಒಂದು ಜಾವ ನಿದ್ರಿಸುತ್ತಿದ್ದರು. ಒಮ್ಮೆ ಯಾರೋ ಎಮ್ಮೆಯನ್ನು ಗದರಿದ್ದಕ್ಕೆ ಆ ನಿದ್ರೆ ಕೆಟ್ಟಿತು. ಮಹಾಮಂತ್ರಿ ವಿನಯಕೀರ್ತಿ ಸಂಜೆಯೊಳಗೆ ‘ಜನಸ್ನೇಹಿ ನಿಶ್ಶಬ್ದ ಯೋಜನೆ’ ಜಾರಿಗೊಳಿಸಿದರು. ಪ್ರಜೆಗಳು ಪಿಸುಮಾತಿನಲ್ಲೇ ವ್ಯವಹರಿಸತಕ್ಕದ್ದು, ದನಿಯೇರಿಸಿದರೆ ಸೆರೆವಾಸ. ಜಗಳಗಂಟರು ಸನ್ನೆಯಲ್ಲೇ ಬೈದಾಡುವುದನ್ನು ಕಲಿತರು.

ಸೊಪ್ಪು ಮಾರುವ ಚನ್ನಾಜಮ್ಮನಿಗೆ ಮಾತ್ರ ಕಷ್ಟವಾಯಿತು. ಪಿಸುಗುಟ್ಟಿದರೆ ದಂಟಿನ ಸೊಪ್ಪು ಯಾರಿಗೆ ಕೇಳಿಸುತ್ತದೆ? ಬುಟ್ಟಿಯಲ್ಲೇ ಸೊಪ್ಪು ಬಾಡಿದರೂ ಆಕೆ ಕಾನೂನಿಗೆ ತಲೆಬಾಗಿ ಮನೆಮನೆಯ ಕದ ಮೆಲ್ಲಗೆ ತಟ್ಟುತ್ತಿದ್ದಳು.

ಒಂದು ಮಧ್ಯಾಹ್ನ ಕೆರೆಯ ಏರಿ ಬಿರುಕುಬಿಟ್ಟು ನೀರು ಚಿಮ್ಮುವುದು ಅವಳ ಕಣ್ಣಿಗೆ ಬಿತ್ತು. ಏರಿಯ ಕೆಳಗಿನ ಕೇರಿಯಲ್ಲಿ ಜನ ಉಂಡು ಮಲಗಿದ್ದರು. ಓಡಿಹೋಗಿ ಕೆರೆಯ ಕಾವಲುಗಾರನ ಕಿವಿಯಲ್ಲಿ ಹೇಳಿದಳು. ತನ್ನ ಮೇಲಿನ ಸಾಹೇಬರು ಎದ್ದ ಮೇಲೆ ಅವರ ಕಿವಿಗೆ ಹಾಕುವುದಾಗಿ ಅವನು ಭರವಸೆ ಕೊಟ್ಟ. ಚನ್ನಾಜಮ್ಮ ಬಿರುಕನ್ನೊಮ್ಮೆ, ಕೇರಿಯನ್ನೊಮ್ಮೆ ನೋಡಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂಗಿದಳು: “ಏರಿ ಒಡೀತಿದೆ, ಗುಡ್ಡ ಹತ್ರೋ!”

ಕೇರಿಗೆ ಕೇರಿಯೇ ಮಕ್ಕಳನ್ನೆತ್ತಿಕೊಂಡು ಗುಡ್ಡ ಹತ್ತಿತು. ಮನೆಗಳು ಕೊಚ್ಚಿಹೋದವು, ಜನ ಉಳಿದರು. ಮಹಾರಾಜರ ನಿದ್ರೆ ಉಳಿಯಲಿಲ್ಲ.

ಮರುದಿನ ವಿಚಾರಣೆ. ತಪ್ಪೊಪ್ಪಿಕೊಳ್ಳುವೆಯಾ ಎಂದು ಅರಸರು ಕೇಳಿದರು.

“ಕಾನೂನು ಮುರಿದದ್ದು ಹೌದು, ಬುದ್ಧಿ,” ಎಂದಳು ಚನ್ನಾಜಮ್ಮ. “ನನ್ನ ಸೊಪ್ಪು ಬಾಡಿದಾಗ ಮುರೀಲಿಲ್ಲ. ನೆನ್ನೆ ಸುಮ್ಮನಿದ್ದಿದ್ರೆ ನಿಮ್ಮ ಕಾನೂನು ಉಳೀತಿತ್ತು, ಅದನ್ನ ಪಾಲಿಸೋ ಜನ ಉಳೀತಿರಲಿಲ್ಲ.”

ಅರಸರಿಗೆ ಅದು ಸರಿಯೆಂದು ತೋರಿಬಿಟ್ಟಿತು. ಅಪಾಯವನ್ನರಿತ ವಿನಯಕೀರ್ತಿ ತಕ್ಷಣ ಎದ್ದುನಿಂತರು.

“ಪ್ರಭು, ಪ್ರಜೆಗಳನ್ನು ಉಳಿಸಿದ್ದು ತಮ್ಮ ಕರುಣೆ. ಅದು ಈಕೆಯ ಗಂಟಲಿನಿಂದ ಹೊರಬಂತು, ಅಷ್ಟೆ. ಕೀರ್ತಿ ಕರುಣೆಗೆ ಸಲ್ಲಲಿ, ಶಿಕ್ಷೆ ಗಂಟಲಿಗೆ.”

ತೀರ್ಪು ಹಾಗೆಯೇ ಆಯಿತು. ಚನ್ನಾಜಮ್ಮ ಸೆರೆಮನೆ ಸೇರಿದಳು. ಮಹಾರಾಜರಿಗೆ ‘ಪ್ರಜಾಪ್ರಾಣರಕ್ಷಕ’ ಎಂಬ ಬಿರುದೂ ಹೊಸ ಕಿರೀಟವೂ ದೊರೆತವು. ಅದರ ವೆಚ್ಚಕ್ಕೆಂದು ಕೇರಿಯವರ ಮೇಲೆ ‘ಬದುಕುಳಿದ ತೆರಿಗೆ’ ಬಿತ್ತು. ಸಮಾರಂಭದಲ್ಲಿ ಅವರು ಸದ್ದಾಗದಂತೆ ಚಪ್ಪಾಳೆ ತಟ್ಟಿದರು. ಏರಿಯ ರಿಪೇರಿ ಇನ್ನೂ ಪರಿಶೀಲನೆಯಲ್ಲಿತ್ತು.

ಮನೆ ಕಳೆದುಕೊಂಡವರು ಸೆರೆಮನೆಯ ಗೋಡೆಗೊರಗಿಸಿ ಗುಡಿಸಲು ಹಾಕಿಕೊಂಡರು. ಇಲ್ಲೇ ಯಾಕೆ ಎಂದು ಸೆರೆಮನೆಯ ಕಾವಲುಗಾರ ಕೇಳಿದ.

“ಮತ್ತೆ ಏರಿ ಒಡೆದರೆ ಕೂಗೋಳು ಇಲ್ಲಿದ್ದಾಳಲ್ಲ,” ಎಂದು ಪಿಸುಗುಟ್ಟಿದರು.