ಇರಕಲ್ಲಗಡ ರಾಕ್ ಬಾನುಲಿಯ ಹನ್ನೆರಡು ಕೇಳುಗರು

ಇರಕಲ್ಲಗಡದಲ್ಲಿ ರಾಕ್ ಸಂಗೀತದ ಬಾನುಲಿ ಕೇಂದ್ರ ತೆರೆಯಲು ಹನಮೇಶ ಅರ್ಜಿ ಹಾಕಿದ್ದು 1997ರಲ್ಲಿ. ಅನುಮತಿ ಬಂದದ್ದು 2011ರಲ್ಲಿ. ನಡುವಿನ ಹದಿನಾಲ್ಕು ವರ್ಷ ಕಡತವು ಪರಿಶೀಲನೆಯಲ್ಲಿತ್ತು. ಅರ್ಜಿಗೆ ಅಂಟಿಸಿದ ಭಾವಚಿತ್ರದಲ್ಲಿ ಅವನಿಗೆ ತಲೆತುಂಬ ಕೂದಲಿದ್ದವು. ಚಿತ್ರಕ್ಕೂ ಅರ್ಜಿದಾರನಿಗೂ ಹೋಲಿಕೆಯಿಲ್ಲವೆಂದು ಇನ್ನೂ ಮೂರು ತಿಂಗಳು ಹಿಡಿಯಿತು.

ಕೇಂದ್ರವು ದಿನಾ ಸಂಜೆ ಆರರಿಂದ ಎಂಟರವರೆಗೆ ಗಿಟಾರು, ಡ್ರಮ್ಮು ಬಿತ್ತರಿಸಿತು. ಎರಡು ವರ್ಷದ ಬಳಿಕ ಅನುಮತಿ ಕೊಟ್ಟ ಕಚೇರಿಯಿಂದ ಪತ್ರ ಬಂತು: ಕನಿಷ್ಠ ಹನ್ನೆರಡು ನಿಯತ ಕೇಳುಗರನ್ನು ತೋರಿಸದಿದ್ದಲ್ಲಿ ಕೇಂದ್ರವನ್ನು ಮುಚ್ಚಲಾಗುವುದು.

ಹನಮೇಶ ಮನೆಮನೆ ತಿರುಗಿದ. ಕೊನೆಗೆ ಸಿಕ್ಕವಳು ದುರಗಮ್ಮ, ಗುಡ್ಡದಂಚಿನ ಮೆಕ್ಕೆಜೋಳದ ಹೊಲದವಳು.

“ನಮ್ಮ ರೇಡಿಯೊ ದಿನಾ ಹಚ್ತೀರೇನ್ ಯವ್ವಾ?”

“ಒಂದಿನಾನೂ ತಪ್ಪಸಂಗಿಲ್ಲ, ತಮ್ಮಾ.”

“ಯಾವ ಹಾಡು ಸೇರ್ತಾವ್ರಿ?”

“ನಾ ಯಾಕ ಕೇಳ್ಲಿ ಆ ಗದ್ದಲಾನ? ಹೊಲದಾಗ ಹಚ್ಚಿಟ್ಟು ಮನಿಗೆ ಬರ್ತೀನಿ. ಕರಡಿ ಹೆದರಿ ಓಡ್ತಾವ. ಗುಡ್ಡದ ಬಾಜೂಕಿನವರು ಎಲ್ಲಾರೂ ಹಂಗ ಮಾಡ್ತಾರ.”

ಪರಿವೀಕ್ಷಕ ಪ್ರವೀಣಕುಮಾರ ಅವರು ಬಂದಾಗ ಹನಮೇಶನಿಗೆ ತೋರಿಸಲು ಆ ಹೊಲವೊಂದೇ ಇತ್ತು. ಅಷ್ಟರಲ್ಲಿ ಕರಡಿಗಳಿಗೆ ರೂಢಿಯಾಗಿತ್ತು. ಒಂದು ಕರಡಿ ರೇಡಿಯೊ ಪಕ್ಕ ಕುಳಿತು ಎಂಟರವರೆಗೂ ತೆನೆ ತಿಂದಿತು. ಪರಿವೀಕ್ಷಕರು ಗಡಿಯಾರ ನೋಡಿ, ನಿಯಮ ಒಂಬತ್ತನ್ನು ಓದಿದರು: “ಕಾರ್ಯಕ್ರಮ ಮುಗಿಯುವವರೆಗೆ ಸ್ಥಳ ಬಿಟ್ಟು ಕದಲದ ವ್ಯಕ್ತಿ ಅಥವಾ ಇತರೆಯನ್ನು ಕೇಳುಗರೆಂದು ಪರಿಗಣಿಸತಕ್ಕದ್ದು.”

“ಇದು ಇತರೆ,” ಎಂದು ಬರೆದುಕೊಂಡರು.

ಸುತ್ತಲಿನ ಹೊಲಗಳಲ್ಲಿ ಒಟ್ಟು ಹತ್ತು ಕರಡಿ, ನಾಲ್ಕು ಮರಿ ಸಿಕ್ಕವು. ಮರಿಗಳಿಗೆ ಅರ್ಧ ಟಿಕೆಟ್ಟಿನ ಲೆಕ್ಕ ಹಿಡಿದು ಹನ್ನೆರಡು ಭರ್ತಿಯಾಯಿತು.

ಕರಡಿ ಓಡದ ಮೇಲೆ ರೇಡಿಯೊ ಯಾಕೆಂದು ದುರಗಮ್ಮ ಆರಿಸಿದಳು. ಕೇಳುಗರಿಗೆ ಅಡಚಣೆ ಮಾಡಿದ್ದಕ್ಕಾಗಿ ಅವಳಿಗೆ ನೋಟೀಸು ಬಂತು. ಅದನ್ನು ಹಿಡಿದು ಕೇಂದ್ರಕ್ಕೇ ಬಂದಳು.

“ಓಡಸಾಕ ತಂದ ರೇಡಿಯೊ ಅದು. ಈಗ ಅದನ್ನ ಕೇಳಾಕ ಬರ್ತಾವಂತ. ನಿನಗರ ಖರೇ ಅನಸ್ತೈತೇನೋ?”

ಒಂದು ಕರಡಿ ಕಡಿಮೆಯಾದರೆ ಹನ್ನೊಂದು. ಹನ್ನೊಂದಾದರೆ ಕೇಂದ್ರಕ್ಕೆ ಬೀಗ. ಹನಮೇಶ ಅವಳ ಮುಖ ನೋಡದೆ ನೋಟೀಸು ನೋಡಿದ.

“ಎರಡು ತಾಸು ತಡಕೋರಿ ಯವ್ವಾ.”

“ಎಂಟರ ಮ್ಯಾಗ ಬಡದು ಓಡಸಬೌದಾ?”

“ಎಂಟರ ಮ್ಯಾಗ ಅದು ಕಾಡುಪ್ರಾಣಿರಿ. ಬಡಿಯಂಗಿಲ್ಲ.”

ಕೇಂದ್ರದ ಅನುಮತಿ ಹತ್ತು ವರ್ಷಕ್ಕೆ ನವೀಕರಣವಾಯಿತು. ಆ ಸಾಲಿನ ವರದಿಯಲ್ಲಿ ಬೆಳೆ ನಷ್ಟ ಸೊನ್ನೆ. ತಿಂದದ್ದೆಲ್ಲ ‘ಕೇಳುಗರ ಉಪಾಹಾರ’ ಎಂಬ ಕಾಲಮ್ಮಿನಲ್ಲಿತ್ತು.

ಕರಡಿ ತಾನೇ ಒಳನುಗ್ಗಿದರೆ ನಾಲ್ಕು ತೆನೆಗಾಗಿ ಹತ್ತು ದಂಟು ತುಳಿಯುತ್ತಿತ್ತು. ಹೀಗಾಗಿ ದುರಗಮ್ಮ ಆರಕ್ಕೆ ಸರಿಯಾಗಿ ರೇಡಿಯೊ ಹಚ್ಚಿ, ತಾನೇ ನಾಲ್ಕು ತೆನೆ ಮುರಿದು ಅದರ ಪಕ್ಕದಲ್ಲಿಟ್ಟು ಬರತೊಡಗಿದಳು. ಮುಂದಿನ ವಾರ ಉಳಿದ ಹೊಲದವರೂ ಇಟ್ಟರು. ಹನಮೇಶ ಮೊದಲ ಹಾಡನ್ನು ಹದಿನೈದು ನಿಮಿಷ ಮುಂದೂಡಿದ, ಕೇಳುಗರು ಬರುವಷ್ಟರಲ್ಲಿ ತೆನೆ ಇಟ್ಟವರು ಮನೆ ಸೇರಲಿ ಎಂದು.