ಮೂರಂತಸ್ತಿನ ಕೇಕಿಗೆ ಬೇಕಾದ ನಾಲ್ವರು ಹೆಂಗಸರು

ಶಾಕ್ ಅಬ್ಸಾರ್ಬರ್ ಕಂಪನಿಯ ವ್ಯವಸ್ಥಾಪಕರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ಸಾಂತಿಯಾಗೊ ನಗರದಲ್ಲಿ ಹತ್ತೊಂಬತ್ತು ವರ್ಷಗಳಿಂದ ಕೇಕ್ ಮಾಡಿ ಮನೆಮನೆಗೆ ತಲುಪಿಸುತ್ತಿರುವ ಮಿಲೆದಿಸ್ ಪೊಲಾಂಕೊ ಎಂಬ ನಾನು, ತಾವೂ ತಮ್ಮ ಬೆನ್ನುಮೂಳೆಯೂ ಕ್ಷೇಮವೆಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ. ನನ್ನ ಪುಟ್ಟ ಕಾರಿನ ಹಿಂಭಾಗಕ್ಕೆ ತಾವು ದಯಪಾಲಿಸಿದ ಹೊಸ ಜೋಡಿಯನ್ನು ಎಷ್ಟು ಹೊಗಳಿದರೂ ಸಾಲದು. ರಸ್ತೆಯಲ್ಲಿ ಒಂದು ಹುರುಳಿಕಾಳು ಬಿದ್ದಿದ್ದರೂ ಅವು ನನಗೆ ತಕ್ಷಣ ವರದಿ ಒಪ್ಪಿಸುತ್ತವೆ. ಎಣ್ಣೆ ಸೋರಿ ಸತ್ತ ಹಳೆಯ ಜೋಡಿಗೆ ಇಷ್ಟು ಕರ್ತವ್ಯನಿಷ್ಠೆ ಇರಲಿಲ್ಲ.

ಡಬ್ಬದ ಮೇಲೆ 'ಕುಟುಂಬದ ಪುಟ್ಟ ಕಾರಿಗೆ, ಮೋಡದ ಮೇಲಿನ ಪಯಣ' ಎಂದಿದೆ. ಮೋಡಗಳಲ್ಲೂ ಇಷ್ಟೊಂದು ರೋಡ್ ಹಂಪುಗಳಿರುವುದು ನನಗೆ ತಿಳಿದಿರಲಿಲ್ಲ. ಮೊದಲ ವಾರವೇ ಒಂದು ಮದುವೆಯ ಕೇಕ್ ಡಿಕ್ಕಿಯೊಳಗೆ ಕುಸಿದು, ವಧೂವರರ ಬೊಂಬೆಗಳು ಸಕ್ಕರೆನೊರೆಯಲ್ಲಿ ಸೊಂಟದವರೆಗೆ ಹೂತುಕೊಂಡೇ ಮಂಟಪ ತಲುಪಿದವು.

ಶಾಕ್ ಅಬ್ಸಾರ್ಬರ್ ಜೋಡಿಸಿದ ಮೇಸ್ತ್ರಿ ಎವಾರಿಸ್ತೊ ಅವರನ್ನು ವಿಚಾರಿಸಿದರೆ, ಬಲು ಮರ್ಯಾದೆಯಿಂದ "ದೋನ್ಯಾ, ಹಿಂದೆ ನಾಲ್ಕು ಜನ ಕೂರ್ದೇ ಇರೋ ಕಾರು ಈ ಊರಲ್ಲಿ ಎಲ್ಲಿದೆ ಹೇಳಿ? ನಮಗೆ ಬರೋದೇ ಕೊಂಚೊ ಓಡಿಸೋರಿಗೆ ಅಂತ ಮಾಡಿದ ಗಟ್ಟಿ ಮಾಲು. ನಾಲ್ಕು ಜನಾನ ಕೂರಿಸಿ ನೋಡಿ, ತೊಟ್ಟಿಲು ತೂಗ್ದಂಗಿರತ್ತೆ" ಎಂದರು. ನಮ್ಮ ಬಾಡಿಗೆಯ ಕೊಂಚೊ ಕಾರುಗಳಲ್ಲಿ ಚಾಲಕನ ಪಕ್ಕ ಇಬ್ಬರು, ಹಿಂದೆ ನಾಲ್ವರು ತುಂಬುವುದು ವಾಡಿಕೆ. ನನ್ನ ಕಾರಿನಲ್ಲಿ ಹೋಗುವುದು ನಾನು ಮತ್ತು ಕೇಕ್.

ಆದಕಾರಣ, ಇನ್ನು ಮುಂದೆ ಪ್ರತಿ ಜೋಡಿಯೊಂದಿಗೆ ಮೈತುಂಬಿದ ನಾಲ್ವರು ಹೆಂಗಸರನ್ನೂ ಅದೇ ಡಬ್ಬದಲ್ಲಿಟ್ಟು ಕಳುಹಿಸಬೇಕೆಂದು ಪ್ರಾರ್ಥಿಸುತ್ತೇನೆ. ಕಿಟಕಿ ಪಕ್ಕದ ಜಾಗಕ್ಕೆ ಜಗಳವಾಡದವರಾದರೆ ಮತ್ತೂ ಉಪಕಾರ.

ತುರ್ತಿದೆ, ಮಾನ್ಯರೇ. ನನ್ನನ್ನು ಮದ್ರಿನಾ ಎಂದು ಕರೆಯುವ ಧರ್ಮಪುತ್ರಿ ಯೊಕಾಯ್ರಾಗೆ ಈ ಶನಿವಾರ ಹದಿನೈದು ತುಂಬುತ್ತದೆ; ನಮ್ಮಲ್ಲಿ ಹುಡುಗಿಯರಿಗೆ ಅದು ಮದುವೆಯಷ್ಟೇ ದೊಡ್ಡ ಸಂಭ್ರಮ. ಆ ದಿನ ಮೂರಂತಸ್ತಿನ ಕೇಕ್ ಮಾಡಿಕೊಡುತ್ತೇನೆಂದು ಅವಳಿಗೆ ಆರು ವರ್ಷವಿದ್ದಾಗಲೇ ಮಾತು ಕೊಟ್ಟಿದ್ದೇನೆ. ಅದು ಹಾಳಾದರೆ ನನಗೆ ನಿಜಕ್ಕೂ ಅಳು ಬರುತ್ತದೆ. ತಮ್ಮ ಹೆಂಗಸರು ಬರುವವರೆಗೆ ನೆರೆಯ ನಾಲ್ವರನ್ನು ಒಪ್ಪಿಸಿದ್ದೇನೆ. "ತೂಕ ಕಮ್ಮಿ ಬೀಳಬಾರ್ದು ಕಣೇ, ಊಟ ಮಾಡ್ಕೊಂಡೇ ಹತ್ತತೀವಿ" ಎಂದು ಅವರಲ್ಲೊಬ್ಬರಾದ ದೋನ್ಯಾ ಫೆಲಿಪಾ ಧೈರ್ಯ ಹೇಳಿದ್ದಾರೆ.

ಕುಲುಕಾಡುತ್ತಲಾದರೂ ತಮ್ಮ ವಿಶ್ವಾಸಿ,
ಮಿಲೆದಿಸ್ ಪೊಲಾಂಕೊ

ಅಂಚೆಗೆ ಹಾಕುವ ಮುನ್ನ, ಭಾನುವಾರ: ಮೇಸ್ತ್ರಿ ಹೇಳಿದ್ದು ಸುಳ್ಳಲ್ಲ. ಯೊಕಾಯ್ರಾಳ ಮನೆ ಬಾಗಿಲವರೆಗೂ ಕೇಕಿನಲ್ಲಿ ಒಂದೂ ಬಿರುಕಿರಲಿಲ್ಲ. ಅಲ್ಲಿ ಹಾಡು ಕೇಳಿಸಿದ ಖುಷಿಗೆ ನಾಲ್ವರೂ ಒಟ್ಟಿಗೇ ಇಳಿದುಬಿಟ್ಟರು, ಭಾರ ಇಳಿದ ಖುಷಿಗೆ ಕಾರಿನ ಹಿಂಭಾಗ ಒಮ್ಮೆಲೇ ಜಿಗಿಯಿತು. ಡಿಕ್ಕಿಯೊಳಗೆ ಇಣುಕಿದ ಹುಡುಗಿ ಚಾಕುವನ್ನು ಬದಿಗಿಟ್ಟು, "ಅಳಬೇಡಿ ಮದ್ರಿನಾ, ಎಲ್ಲರಿಗೂ ಒಂದೊಂದು ಚಮಚ ಕೊಡಿ" ಎಂದಳು. ತಮಗೂ ಒಂದು ಪಾಲು ಎತ್ತಿಟ್ಟಿದ್ದೇನೆ. ತಲುಪಿಸಲು ನನ್ನಲ್ಲಿರುವುದು ಇದೇ ಕಾರು.